ಹೌದು ಎಂದವರು ಯಾರು

ಲೋರ್ನಾ ಹ್ಯಾಚೆಟ್ ಬಾಯಿ ತೆರೆದದ್ದನ್ನು ವರ್ನನ್ ಸ್ಟಕಿ ಕಣ್ಣಾರೆ ಕಂಡ. ಅಮೆರಿಕದ ಸಂವಿಧಾನ ತಿದ್ದಲು ಡೆನ್ವರಿನಲ್ಲಿ ಸೇರಿದ್ದ ಸಮಾವೇಶಕ್ಕೆ ಆಕೆ ಅವರಿಬ್ಬರ ರಾಜ್ಯದ ಪ್ರತಿನಿಧಿ. ಇವನು ಆಕೆಯ ಬದಲಿ. ಆಕೆ ಎದ್ದರೆ ತಾನೇ ಇವನಿಗೆ ಕುರ್ಚಿ? ಅದಕ್ಕೇ ಆಕೆಯ ಓರೆಗೆ, ತುಸು ಹಿಂದೆ, ಬಿಲದ ಮುಂದಿನ ಬೆಕ್ಕಿನ ಹಾಗೆ ಕಾದು ಕೂತಿದ್ದ.

ರಾಜ್ಯ ಅವರನ್ನು ಕಳಿಸಿದ್ದು ಕೇಂದ್ರದ ಸಾಲಕ್ಕೆ ಕಡಿವಾಣ ಹಾಕುವ ಒಂದೇ ಒಂದು ತಿದ್ದುಪಡಿಗೆ. ಅದರಾಚೆಗೆ ಮತ ಹಾಕಿದರೆ ಸ್ಥಾನ ಹೋಗುತ್ತದೆ, ಜೈಲೂ ಆದೀತು. ಹಾಗೆಂದು ರಾಜ್ಯದ ಕಾನೂನು ಇಬ್ಬರಿಂದಲೂ ಪ್ರಮಾಣ ಮಾಡಿಸಿತ್ತು. ಈಗ ಯಾರೋ ಸಂಸದರ ಅವಧಿಗೂ ಮಿತಿ ಹಾಕೋಣ ಎಂದು ಎದ್ದಿದ್ದರು. "ಪರವಾಗಿರುವವರು ಹೌದು ಎನ್ನಿ," ಎಂದರು ಅಧ್ಯಕ್ಷರು. ಸಭೆಯೆಲ್ಲ ಒಮ್ಮೆಲೇ ಕೂಗಿತು. ಆ ಗದ್ದಲದಲ್ಲೇ ಲೋರ್ನಾ "ಹೌದು" ಎಂದಳು.

ವರ್ನನ್ ಹೊರಗೋಡಿ ರಾಜ್ಯದ ನಿಗಾ ಸಮಿತಿಯ ಜೂಡಿತ್ ಪ್ರೂಯಿಟ್‌ಗೆ ಫೋನ್ ಮಾಡಿದ.

"ಮೇಡಂ, ನಮ್ ಲೋರ್ನಾ ಗೆರೆ ದಾಟಿದ್ರು, ಅವಧಿ ಮಿತಿಗೆ ಹೌದು ಅಂದ್ರು. ನನ್ ಕಿವಿಯಾರೆ ಕೇಳಿದೀನಿ."

"ಹಂಗಾದ್ರೆ ಅವ್ರ ಸ್ಥಾನ ಹೋಯ್ತು."

"ನಾನು ಈಗ್ಲೇ ಹೋಗಿ ಕೂತ್ಕೊಳ್ಲಾ?"

"ನೀವೆಲ್ಲಿ ಕೂರ್ತೀರಿ? ಕಾನೂನಲ್ಲಿ ನೀವಿಬ್ರು ಜೋಡಿ. ಅವ್ರು ಹೋದ್ರೆ ನೀವೂ ಹೋದಂಗೆ. ಪ್ರಮಾಣ ಮಾಡೋವಾಗ ಓದ್ಲಿಲ್ವಾ?"

ವರ್ನನ್ ಓದಿದ್ದ, ಆಕೆಗೆ ಸಂಬಂಧಪಟ್ಟಷ್ಟನ್ನು ಮಾತ್ರ.

"ಗಲಾಟೆ ಇತ್ತು ಮೇಡಂ. ತಪ್ಪಾಗಿ ಕೇಳಿಸಿರ್ಬೋದು."

"ಈಗ ತಾನೇ ಕಿವಿಯಾರೆ ಅಂದ್ರಿ. ಈಗ ನಿಮ್ ಮೇಲೇ ಅನುಮಾನ ಬರ್ತಿದೆ ನಂಗೆ."

ಅಷ್ಟರಲ್ಲಿ ಲೋರ್ನಾ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಎರಡು ಲೋಟ ಕಾಫಿ.

"ಎಲ್ಲಿ ಮಾಯ ಆದ್ರಿ ವರ್ನನ್? ಆ ಗಲಾಟೇಲೇ ಪಕ್ಕದ ಸೀಟಿನ ಆಯೋವಾ ರಾಜ್ಯದೋರು, ನೀವೂ ಕಾಫಿ ಕುಡಿಯೋರು ತಾನೆ ಅಂದ್ರು. ಹೌದು ಅಂದೆ. ನಿಮ್ಗೂ ತಂದೆ."

ನಿಜವೋ, ನಾಟಕವೋ? ಆಕೆಯ ಮುಖದಲ್ಲಿ ಅಳುಕಿನ ಸುಳಿವೇ ಇರಲಿಲ್ಲ. ಅದೇ ಅವನಿಗೆ ಇನ್ನಷ್ಟು ಅನುಮಾನ ತಂದಿತು. ಆದರೆ ಈಗ ಆ ಮಾತನ್ನು ನಂಬಿದರಷ್ಟೇ ತನಗೂ ಉಳಿಗಾಲ. ನಂಬಿಬಿಟ್ಟ. ಹೋದ ಜೀವ ಬಂದಂತಾಯಿತು.

"ಕೊನೇ ಸಲ ಕೇಳ್ತಿದೀನಿ," ಎಂದಳು ಕಿವಿಯಲ್ಲಿ ಜೂಡಿತ್. "ಲೋರ್ನಾ ಆ ಅವಧಿ ಮಿತಿಗೆ ಮತ ಹಾಕಿದ್ರು, ಅಲ್ವಾ?"

"ನಿಮ್ದು ಸಕ್ಕರೆ ಜಾಸ್ತಿ, ಅಲ್ವಾ?" ಎಂದಳು ಎದುರಿಗಿದ್ದ ಲೋರ್ನಾ, ಅದೇ ಗಳಿಗೆಗೆ.

ವರ್ನನ್ ನಗುತ್ತಾ ಲೋಟಕ್ಕೆ ಕೈ ಚಾಚಿದ. "ಹೌದು," ಎಂದ.

"ಸರಿ, ಬರ್ಕೊಂಡೆ," ಎಂದಿತು ಫೋನು.