ಏರದ ಗೆರೆ

"ಏನಮ್ಮಾ ಇದು? ಗ್ರಾಫ್ ಹಾಕು ಅಂದ್ರೆ ರೈಲು ಹಳಿ ಎಳ್ಕೊಂಡು ಬಂದೀಯಲ್ಲ!"

ಕೆಮಿಸ್ಟ್ರಿ ಮೇಷ್ಟ್ರು ನಾಗಭೂಷಣ್ ರೆಕಾರ್ಡ್ ಪುಸ್ತಕವನ್ನು ಶಾಹಿಸ್ತಾಳ ಕಡೆಗೆ ತಳ್ಳಿದರು. ಅವರ ಹರಿಹರದ ಬಸ್ಸಿಗೆ ಇನ್ನು ಇಪ್ಪತ್ತೇ ನಿಮಿಷ. ಬ್ಯಾಗು ಆಗಲೇ ಹೆಗಲೇರಿತ್ತು. ನೀರು ಬಿಸಿಯಾದಷ್ಟೂ ಪೊಟ್ಯಾಸಿಯಂ ನೈಟ್ರೇಟ್ ಹೆಚ್ಚು ಹೆಚ್ಚು ಕರಗುತ್ತದೆ, ಗೆರೆ ಸರ್ರನೆ ಮೇಲೇರಬೇಕು. ಇವಳದೋ, ಮೂವತ್ತು ಡಿಗ್ರಿಯಲ್ಲಿ ಮೂವತ್ತಾರು ಗ್ರಾಂ, ಅರವತ್ತರಲ್ಲಿ ಮೂವತ್ತೇಳು. ಗೆರೆ ಮಲಗಿದಲ್ಲೇ ಮಲಗಿತ್ತು.

"ನೀನು ನೀರು ಕಾಯ್ಸೇ ಇಲ್ಲ. ಐಶ್ವರ್ಯನ ರೆಕಾರ್ಡ್ ನೋಡಿ ತಿದ್ದು. ಇಲ್ಲಾಂದ್ರೆ ಪ್ರಾಕ್ಟಿಕಲ್‌ಗೆ ಸೊನ್ನೆ ನೋಡು."

ಶಾಹಿಸ್ತಾಳ ಕಣ್ಣು ತುಂಬಿತು. ಸೊನ್ನೆಯ ಭಯ ಒಂದು ಕಡೆ, ಅದಕ್ಕಿಂತ ಸಿಟ್ಟು. ಎರಡು ತಾಸು ಲ್ಯಾಬಿನ ಬರ್ನರ್ ಮುಂದೆ ನಿಂತು ಮಾಡಿದ್ದನ್ನು ಮಾಡೇ ಇಲ್ಲ ಅಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ?

"ಕಾಯ್ಸೀನಿ ಸರ್. ನಮ್ಮ ಮಂಡಕ್ಕಿ ಭಟ್ಟಿಯಾಗೆ ಅಕ್ಕಿಗೆ ಹಾಕೋ ಉಪ್ಪುನೀರೂ ಹಿಂಗೇ ಮಾಡ್ತೈತೆ. ಎಷ್ಟು ಕುದಿಸಿದ್ರೂ ಜಾಸ್ತಿ ಹಾಕಿದ ಉಪ್ಪು ತಳದಾಗೇ ಕುಂತಿರ್ತೈತೆ. ಇದೂ ಉಪ್ಪೇ ಅನ್ಸುತ್ತೆ ಸರ್."

"ಬಾಟ್ಲಿ ಮ್ಯಾಲೆ ಹೆಸರು ಬರ್ದೈತೆ, ಓದಾಕೆ ಬರಲ್ವಾ?"

"ನಿಮ್ಮ ಮುಂದೇ ಮಾಡಿ ತೋರಿಸ್ತೀನಿ ಸರ್."

ಮಾಡಿದಳು. ನೀರು ಹಬೆಯಾಡಿತು. ತಳದಲ್ಲಿ ಕೂತ ಬಿಳಿ ಪುಡಿ ಜಪ್ಪಯ್ಯ ಅನ್ನಲಿಲ್ಲ. ಮೇಷ್ಟ್ರು ತಾವೇ ಗಾಜಿನ ಕಡ್ಡಿ ತೆಗೆದುಕೊಂಡು ಗರಗರ ತಿರುವಿದರು, ಇನ್ನೊಮ್ಮೆ ತಿರುವಿದರು. ಬ್ಯಾಗು ಹೆಗಲಿಂದ ಇಳಿಯಿತು.

"ಸಾಬ್ರೇ, ಈ ಬಾಟ್ಲಿ ತುಂಬಿದ್ಯಾರು?"

ಸಿಂಕಿನ ಹತ್ತಿರ ಗಾಜು ತೊಳೆಯುತ್ತಿದ್ದ ಅಟೆಂಡರ್ ಹಯಾತ್ ಸಾಬ್ ಕೈ ಒರೆಸಿಕೊಳ್ಳುತ್ತಾ ಬಂದರು. "ನಾನೇ ಸರ್, ಪ್ರಾಕ್ಟಿಕಲ್ ಶುರುವಾಗೋ ಮುಂಚೆ. ಖಾಲಿ ಆಗಿತ್ತು, ಪಕ್ಕದ ಡಬ್ಬೀದು ಸುರಿದೆ. ಎರಡೂ ಬೆಳ್ಳಗೇ ಇದ್ವಲ್ಲ."

ಪಕ್ಕದ ಡಬ್ಬಿ ಸೋಡಿಯಂ ಕ್ಲೋರೈಡಿನದು. ಅಂದರೆ ಸಾರಿಗೆ ಹಾಕುವ ಉಪ್ಪೇ.

ಮೇಷ್ಟ್ರು ಶಾಹಿಸ್ತಾಳ ಮಲಗಿದ ಗೆರೆಯ ಕೆಳಗೆ ಸಹಿ ಹಾಕಿದರು. "ನಿಂದು ಸರಿ ಐತಮ್ಮ," ಎಂದರು. ಅಬ್ಬಾ, ಹುಡುಗಿಗೆ ಹೋದ ಜೀವ ಬಂದಂತಾಯಿತು.

ಹಯಾತ್ ಸಾಬ್ ಮಾತ್ರ ಅಲ್ಲೇ ನಿಂತಿದ್ದರು. ಮೇಜಿನ ಮೇಲೆ ಉಳಿದ ಮೂವತ್ತೊಂಬತ್ತು ರೆಕಾರ್ಡುಗಳ ರಾಶಿ. ಮೇಲಿನದು ತೆರೆದಿತ್ತು: ಸರ್ರನೆ ಏರಿದ ಗೆರೆ, ಕೆಳಗೆ ಕೆಂಪು ಶಾಯಿಯಲ್ಲಿ 'ವೆರಿ ಗುಡ್'.

"ಎಲ್ಲಾರೂ ಇದೇ ಬಾಟ್ಲಿದೇ ತಗೊಂಡಿದ್ದು ಸರ್," ಎಂದರು ಅವರು, ನಿಜವಾಗಿಯೂ ಅರ್ಥವಾಗದೆ. "ಹಂಗಾರೆ ಇವ್ರಿಗೆಲ್ಲ ಹೆಂಗೆ ಕರಗ್ತು?"