ಅಚ್ಚಯ್ಯನ ಶುಂಠಿ ಕಾಫಿ

ಆ ಯುದ್ಧದಲ್ಲಿ ನಾಶವಾದದ್ದೆಲ್ಲ ಮರುದಿನ ಬೆಳಗ್ಗೆ ಮತ್ತೆ ಎದ್ದು ಬರುತ್ತಿತ್ತು. ಶತ್ರುವಿನ ರೈಲು ಸೇತುವೆಯೂ ಅಷ್ಟೆ, ಅದಕ್ಕೆ ಬಾಂಬು ಹಾಕಲು ಹೋಗಿ ಸತ್ತ ಪೈಲಟ್‌ಗಳೂ ಅಷ್ಟೆ.

ಹಾಗಾಗಿ ಬಾಂಬರ್ ದಳದ ಅಡುಗೆಯವನು ಈರಭದ್ರ ಸತ್ತವರನ್ನೂ ಸೇರಿಸಿಯೇ ತಿಂಡಿ ಮಾಡುತ್ತಿದ್ದ. ಸುಟ್ಟುಹೋದವರಿಗೆ ತಣ್ಣನೆಯ ಮಜ್ಜಿಗೆ, ನದಿಗೆ ಬಿದ್ದವರಿಗೆ ಬಿಸಿ ಶುಂಠಿ ಕಾಫಿ. ಇವತ್ತೂ, ನಿನ್ನೆ ಮುಳುಗಿದ ಪೈಲಟ್ ಅಚ್ಚಯ್ಯನ ಲೋಟ ತುಂಬಿಸಿಟ್ಟ.

ಅಷ್ಟರಲ್ಲಿ ಕಮಾಂಡರ್ ಉತ್ತಪ್ಪ ವೈರ್‌ಲೆಸ್ ಕೋಣೆಯಿಂದ ಓಡಿಬಂದು ಈರಭದ್ರನನ್ನು ತಬ್ಬಿಕೊಂಡರು.

"ಗೆದ್ವಿ ಕಣಯ್ಯಾ! ನಿನ್ನೆ ಬೀಳಿಸಿದ ಸೇತುವೆ ಇವತ್ತು ಎದ್ದೇ ಇಲ್ವಂತೆ!"

ಹೊರಗೆ ಎಲ್ಲರೂ ಕುಣಿಯತೊಡಗಿದರು.

ಈರಭದ್ರ ಬಾಗಿಲ ಕಡೆ ನೋಡುತ್ತಲೇ, ಆರದಿರಲೆಂದು ಲೋಟಕ್ಕೆ ತಟ್ಟೆ ಮುಚ್ಚಿದ.

"ಅಚ್ಚಯ್ಯ ಸಾರ್ ಇನ್ನೂ ಬಂದಿಲ್ವಲ್ಲ ಸಾರ್," ಎಂದ.