ನಾಮಪದದ ಕಾರು

"ಕಾರು ಅನ್ನೋದು ಕ್ರಿಯಾಪದ ಕಣೇ ಅಕ್ಕ," ಎಂದ ತಮ್ಮ, ಹಿಂದಿನ ಸೀಟಿಗೆ ಮೊಣಕಾಲು ಮಡಿಸಿ ತೂರಿಕೊಳ್ಳುತ್ತ. "ಮೊದಲು ಹೊಗೆ ಕಾರುತ್ತೆ, ಆಮೇಲೆ ಎಣ್ಣೆ ಕಾರುತ್ತೆ, ಕೊನೆಗೆ ಕೊಂಡವರು ರಕ್ತ ಕಾರ್ತಾರೆ."

ಕಣ್ಣು ಮಂಜಾಯಿತೆಂದು ಗಾಡಿ ಮಾರಲು ಹೊರಟಿದ್ದ ನಿವೃತ್ತ ಮೇಷ್ಟ್ರು ಕನ್ನಡಕದ ಮೇಲಿನಿಂದ ಅವನನ್ನು ನೋಡಿದರು. "ಮೂವತ್ತೈದು ವರ್ಷ ವ್ಯಾಕರಣ ಪಾಠ ಮಾಡಿದೀನಪ್ಪ. ನನ್ನ ಮನೇಲಿ ಇದು ಹನ್ನೊಂದು ವರ್ಷದಿಂದ ನಾಮಪದ."

ಇದು ಕಟ್ಟುಕಥೆಯಲ್ಲ, ಸ್ವಲ್ಪದರಲ್ಲೇ ಕೆಟ್ಟ ಕಥೆಯಾಗುವುದು ತಪ್ಪಿದ್ದು. ಅಕ್ಕ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಬ್ಯಾಂಡೇಜು ಬದಲಿಸುವುದು ಅವಳ ಕೆಲಸ. ಸ್ಕೂಟರಿನಿಂದ ಬಿದ್ದು ಮಂಡಿ ಕೆಟ್ಟ ಮೇಲೆ ಇನ್ನು ಎರಡು ಚಕ್ರ ಮುಟ್ಟಬೇಡಿ ಎಂದಿದ್ದರು ಡಾಕ್ಟರು. ಸೋಮವಾರದೊಳಗೆ ನಾಲ್ಕು ಚಕ್ರ ಸಿಗದಿದ್ದರೆ ಅವಳ ಹದಿನಾಲ್ಕು ಮನೆಗಳೂ ಬೇರೆಯವರ ಪಾಲು. ಉಳಿಸಿದ್ದಕ್ಕೆ ಬರುತ್ತಿದ್ದುದು ಒಂದೇ ಒಂದು ಹಳೇ ಕಾರು. ಹಾಗಾಗಿ ಮೂರು ವಾರ ಅಳೆದೂ ಸುರಿದೂ ನಾಲ್ಕು ಗಾಡಿ ನೋಡಿ ನಾಲ್ಕನ್ನೂ ಬಿಟ್ಟುಬಂದಿದ್ದಳು. ಒಂದು ಎಡಕ್ಕೆ ಎಳೆಯುತ್ತಿತ್ತು. ಒಂದರ ಹೊಸ ಬಣ್ಣದಡಿ ಹಳೇ ಪೆಟ್ಟು. ಬ್ರೋಕರೊಬ್ಬ "ಕೊಳ್ಳಿ ಮೇಡಂ, ಕೊಳ್ಳಿ" ಎಂದು ಬೆನ್ನು ಬಿದ್ದಾಗ ತಮ್ಮ, "ಅವನು ಇಡೋದೇ ಕೊಳ್ಳಿ ಕಣೇ," ಎಂದು ಬ್ರೋಕರನದೇ ದನಿಯಲ್ಲಿ ಹೇಳಿ ಅವಳನ್ನು ಎಳೆದು ತಂದಿದ್ದ.

ಇದು ಐದನೆಯದು, ಎಂಟುನೂರು ಸಿಸಿಯ ಪುಟ್ಟ ಇಂಜಿನ್ನು. ಅಕ್ಕ ಮಗುವಿನ ಜ್ವರ ನೋಡುವಂತೆ ಕೈಯ ಹಿಂಬದಿಯನ್ನು ಬಾನೆಟ್ಟಿಗಿಟ್ಟಳು. ತಣ್ಣಗಿತ್ತು. ಮೊದಲೇ ಬಿಸಿ ಮಾಡಿ ರೋಗ ಮುಚ್ಚಿಟ್ಟಿರಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ಎಳೆದು ಹತ್ತಿಗೆ ಒರೆಸಿ ಬಣ್ಣ ಪರೀಕ್ಷಿಸಿದಳು. ಕೀಲಿ ತಿರುಗಿಸಿದ್ದೇ ತಡ ಇಂಜಿನ್ನು ಎದ್ದು ಕೂತಿತು. ಹೊಗೆಯಿಲ್ಲ, ನಡುಕವಿಲ್ಲ. ಮೇಷ್ಟ್ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ತಿರುವು ದಾಟುವಷ್ಟರಲ್ಲಿ, ಮೂರು ವಾರದಿಂದ ಬಿಗಿದಿದ್ದ ಅವಳ ಭುಜಗಳು ಸಡಿಲವಾದವು.

ಟೊಕ್.

ಅಕ್ಕ ಆಕ್ಸಿಲರೇಟರು ಒತ್ತಿದಳು. ಟೊಕ್ ಟೊಕ್ ಟೊಕ್. ಕಾಲು ತೆಗೆದಳು. ಟೊಕ್... ಟೊಕ್.

"ಏನು ಮೇಷ್ಟ್ರೇ ಇದು?"

ಮೇಷ್ಟ್ರ ಮುಖ ಸುಣ್ಣದಂತಾಗಿತ್ತು. "ಹನ್ನೊಂದು ವರ್ಷದಲ್ಲಿ ಒಂದು ದಿನ ಕೇಳಿಲ್ಲ ತಾಯಿ. ಪಕ್ಕಕ್ಕೆ ನಿಲ್ಲಿಸಿ. ಈ ಗಾಡೀನ ನಾನು ನಿಮಗೆ ಮಾರಲ್ಲ."

"ಬೆಲೆ ಏನಾದ್ರೂ ಕಮ್ಮಿ ಮಾಡಿ..."

"ಬೆಲೆ ಮಾತಲ್ಲಮ್ಮ. ನೀವು ರೋಗಿಗಳ ಮನೆಗೆ ಹೋಗೋವ್ರು. ಇದು ದಾರೀಲಿ ಕೈ ಕೊಟ್ರೆ ಅಲ್ಲಿ ಕಾಯ್ತಾ ಮಲಗಿರೋವ್ರ ಗತಿ ಏನು?"

ಅಕ್ಕನ ಕಣ್ಣಲ್ಲಿ ನೀರಾಡಿತು. ಆದರೂ ಗಾಡಿ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ನು ಆರಿಸದೆ ಇಳಿದು ಬಾನೆಟ್ಟು ಎತ್ತಿದಳು. ತಮ್ಮನೂ ಇಳಿದು, ಕೈಕಟ್ಟಿ, ತುಟಿ ಬಿಗಿದು, ಸಾವಿನ ಮನೆಯ ಮುಖ ಹೊತ್ತು ಪಕ್ಕದಲ್ಲಿ ನಿಂತ. ಟೊಕ್ ನಿಂತಿರಲಿಲ್ಲ. ಅವಳಿಗೆ ಮೆಕ್ಯಾನಿಕ್ ವಿದ್ಯೆ ಗೊತ್ತಿರಲಿಲ್ಲ, ಗೊತ್ತಿದ್ದುದು ಒಂದೇ. ಚೀಲದಿಂದ ಸ್ಟೆತಾಸ್ಕೋಪು ತೆಗೆದು ಕಿವಿಗೆ ಸಿಕ್ಕಿಸಿ, ಅದರ ಬಿಲ್ಲೆಯನ್ನು ಇಂಜಿನ್ನಿನ ತಲೆಯ ಮೇಲಿಟ್ಟಳು.

"ಉಸಿರು ಎಳ್ಕೋ ಅಂತ ಹೇಳಮ್ಮ," ಎಂದರು ಮೇಷ್ಟ್ರು, ಅಷ್ಟು ದುಃಖದಲ್ಲೂ.

ಅವಳು ಕಿವಿಗೊಟ್ಟು ಆಲಿಸಿದಳು. ಒಳಗಿನ ಬಡಿತ ಹದಿನೆಂಟರ ಹುಡುಗನ ಎದೆಯದರಂತೆ ಸಮವಾಗಿತ್ತು. ಎಡಕ್ಕಿಟ್ಟಳು, ಬಲಕ್ಕಿಟ್ಟಳು. ಟೊಕ್ ಎಲ್ಲೂ ಇಲ್ಲ. ಕಿವಿಯಿಂದ ತೆಗೆದರೆ ಟೊಕ್ ಇದೆ. ಹಾಕಿದರೆ ಇಲ್ಲ. ಅವಳ ಹುಬ್ಬು ನಿಧಾನವಾಗಿ ಮೇಲೇರಿತು. ಒಂದು ಕಿವಿಯನ್ನು ಮಾತ್ರ ತೆರೆದಿಟ್ಟುಕೊಂಡು, ಸದ್ದು ಬಂದತ್ತ ಬಿಲ್ಲೆ ಹಿಡಿದು ಒಂದೊಂದೇ ಗೇಣು ಸರಿದಳು. ಬ್ಯಾಟರಿ ದಾಟಿದಳು, ದೀಪ ದಾಟಿದಳು, ಬಂಪರು ದಾಟಿದಳು. ಕೊನೆಗೆ ಬಿಲ್ಲೆಯನ್ನು ತಮ್ಮನ ಗಂಟಲಿಗೆ ಒತ್ತಿದಳು.

ಟೊ...

ಸದ್ದು ಅರ್ಧಕ್ಕೇ ನಿಂತಿತು. ಇಷ್ಟು ದಿನ ಡಾಕ್ಟರು, ಮನೆ ಓನರು, ಬ್ರೋಕರು ಎಂದು ಮನುಷ್ಯರನ್ನಷ್ಟೇ ಅಣಕಿಸುತ್ತಿದ್ದವನು ಅಂದು ಯಂತ್ರಕ್ಕೆ ಬಡ್ತಿ ಪಡೆದಿದ್ದ. ಬಾಯಿ ತೆರೆಯದೆ, ನಾಲಿಗೆಯನ್ನು ಅಂಗುಳಕ್ಕೆ ಹೊಡೆದು.

"ಮೇಷ್ಟ್ರೇ, ರೋಗ ಸಿಕ್ತು," ಎಂದಳು ಅಕ್ಕ, ಕೈ ತೆಗೆಯದೆ. "ಇಂಜಿನ್ನಲ್ಲ. ನಮ್ಮಮ್ಮನ ಎರಡನೇ ಹೆರಿಗೆ."

"ಒಂದೇ ಒಂದು ಸಲ ಮಾಡಿ ನಿಲ್ಲಿಸೋಣ ಅಂತಿದ್ದೆ ಕಣೇ," ತಮ್ಮ ತೊದಲಿದ. "ಇವ್ರು ಮಾರಲ್ಲ ಅಂದ್ಬಿಟ್ರು. ಆಗ ನಿಲ್ಲಿಸಿದ್ರೆ ಸಿಕ್ಕಿಬೀಳ್ತಿದ್ದೆ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಒಂದು ದೊಡ್ಡ ಉಸಿರು ಬಿಟ್ಟರು.

"ಈಗ ಮಾರ್ತೀರಾ?" ಅಕ್ಕ ಕೇಳಿದಳು.

"ಮಾರ್ತೀನಿ ತಾಯಿ. ಇವತ್ತೇ ಕಾಗದ ಮಾಡಿಸೋಣ. ಆದ್ರೆ ಈ ಸ್ಪೇರ್ ಪಾರ್ಟ್ ಮಾತ್ರ ಗಾಡೀಲಿ ಇಡಬೇಡಿ."

ಮೊದಲು ತಮ್ಮ ಕಿಸಕ್ಕೆಂದ. ಆಮೇಲೆ ಮೇಷ್ಟ್ರ ಹೊಟ್ಟೆ ಕುಣಿಯಿತು. ಇಂಜಿನ್ನು ಆರಿಸಲೆಂದು ಒಳಗೆ ಕೂತ ಅಕ್ಕನಿಗೆ ಕೀಲಿಯವರೆಗೂ ಕೈ ಹೋಗಲಿಲ್ಲ. ಮೂರು ವಾರದ್ದೆಲ್ಲ ಒಟ್ಟಿಗೇ ನುಗ್ಗಿ, ನಕ್ಕು ನಕ್ಕು ಹಣೆ ಸ್ಟೀರಿಂಗಿನ ಮೇಲೆ ಬಿತ್ತು. ಹಾರ್ನು ಬೀದಿಯುದ್ದಕ್ಕೂ ಹೊಡೆದುಕೊಳ್ಳತೊಡಗಿತು. ಅವಳು ತಲೆ ಎತ್ತಲಿಲ್ಲ. ಹಾರ್ನಿಗಿಂತ ಜೋರಾಗಿ ನಗುತ್ತಿದ್ದಳು. ಎದುರು ಮನೆಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.

ತಮ್ಮ ಎರಡೂ ಕೈ ಮೇಲೆತ್ತಿ ಕಿಟಕಿಗಳ ಕಡೆ ತಿರುಗಿದ.

"ಇದು ನಾನಲ್ಲ."